ಮಕ್ಕಳ ಮೆದುಳಿನ ಗಡ್ಡೆ
(ಯಾದಗಿರಿಯಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಗಾರದ ಮಾತು, ಪೇಟೆಯ ಧಾರಣೆಯ ಮಾತು ಕೇಳಲು ಬಂದ ತಮ್ಮ ಮುಂದೆ ಇಂದು ಬೇರೊಂದು ವಿಷಯ ಹೇಳಲು ನಿಂತಿದ್ದೇವೆ. ಸುರಪುರದ ಕಡೆ ಒಂದು ಹಳ್ಳಿಯಲ್ಲಿ ನಾವು ಮಾಸ್ತರಿಕೆ ಮಾಡುತ್ತಿದ್ದಾಗ ನಾಲ್ಕನೆಯ ತರಗತಿಯ ಒಬ್ಬ ಹುಡುಗನ ಅಕ್ಷರ ಕೆಡುತ್ತ ಬಂತು. ಮುತ್ತಿನಂತೆ ಬರೆಯುತ್ತಿದ್ದವನು ಗೆರೆ ಬಿಟ್ಟು ಬರೆಯತೊಡಗಿದ. ನಡೆಯುವಾಗ ತೂರಾಡುತ್ತಿದ್ದ. ಬೆಳಿಗ್ಗೆ ಎದ್ದೊಡನೆ ತಲೆನೋವು, ವಾಂತಿ. ನಾವು ಸೋಮಾರಿತನವೆಂದು ಬಗೆದು ಬೆತ್ತ ಎತ್ತಿದೆವು. ತಾಯಿ ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು. ಪಿತ್ತವೆಂದು ಯಾರೋ ಗುಳಿಗೆ ಕೊಟ್ಟರು. ಮೂರು ತಿಂಗಳಾದ ಮೇಲೆ ಬೆಂಗಳೂರಿನಲ್ಲಿ, ಕಿರಿಮೆದುಳಿನಲ್ಲಿ ಗಡ್ಡೆ ಬೆಳೆದಿದೆ ಎಂದು ತಿಳಿಯಿತು. ಹುಡುಗ ಉಳಿಯಲಿಲ್ಲ. ಆ ಬೆತ್ತ ನಮಗೆ ಇಂದಿಗೂ ನೆನಪಿದೆ.

ಇಂಥ ಗಡ್ಡೆ ಏಕೆ ಹುಟ್ಟುತ್ತದೆ? ದೇಹದ ಕೆಲಸಗಳನ್ನು ನಡೆಸುವುದು ಸಸಾರಜನಕ, ಅಂದರೆ ಪ್ರೋಟೀನು. ತೊಗರಿ ಬೇಳೆಯಲ್ಲಿರುವುದೂ ಅದೇ ಜಾತಿಯದು. ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿದ ಸರದಂತೆ ಅದು ತಯಾರಾಗುತ್ತದೆ. ಬರೀ ಸರವಾಗಿದ್ದರೆ ಸಾಲದು, ತಕ್ಕ ರೀತಿಯಲ್ಲಿ ಸುತ್ತಿ ಮಡಿಚಿಕೊಳ್ಳಬೇಕು. ಉದ್ದನೆಯ ಬಟ್ಟೆಯನ್ನು ಸರಿಯಾಗಿ ಸುತ್ತಿದರೆ ರುಮಾಲು, ಇಲ್ಲವಾದರೆ ಬರೀ ಬಟ್ಟೆ. ಈ ಸರ ಯಾವ ಯಾವ ಕಡೆ ತಿರುಗಬಲ್ಲದು, ಯಾವ ಕಡೆ ತಿರುಗಲಾರದು ಎಂಬುದನ್ನು 1963ರಲ್ಲಿ ಲೆಕ್ಕ ಹಾಕಿ ತೋರಿಸಿದವರು ನಮ್ಮವರೇ ಆದ ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು. ಆಗ ಅವರು ಮದರಾಸಿನಲ್ಲಿದ್ದರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ನಮ್ಮ ಜೀವಕೋಶಗಳಲ್ಲಿ ಪಿ-53 ಎಂಬ ಒಂದು ಸಸಾರಜನಕವಿದೆ. 1979ರಲ್ಲಿ ಪತ್ತೆಯಾದ ಇದರ ಸರದಲ್ಲಿ 393 ಮಣಿಗಳು. ಇದು ಕಾವಲುಗಾರ. ಕೋಶ ಕೆಟ್ಟರೆ ಅದು ಬೆಳೆದು ಎರಡಾಗದಂತೆ ತಡೆಯುತ್ತದೆ, ತೀರ ಕೆಟ್ಟರೆ ಸಾಯಿಸುತ್ತದೆ. ಇದರ 175ನೆಯ ಮಣಿಯೊಂದು ಬದಲಾದರೆ ಸಾಕು, ಆಕಾರವನ್ನು ಹಿಡಿದಿರುವ ಸತುವಿನ ಕಣ ಜಾರಿ ಮಡಿಕೆ ತಪ್ಪುತ್ತದೆ. ಕಾವಲುಗಾರರು ನಾಲ್ವರು ಕೂಡಿಯೇ ಕೆಲಸ ಮಾಡುವುದರಿಂದ ಕೆಟ್ಟವನು ಒಳ್ಳೆಯವರ ಕೆಲಸವನ್ನೂ ಕೆಡಿಸುತ್ತಾನೆ. ಪಲ್ಲಕ್ಕಿ ಹೊತ್ತವರಲ್ಲಿ ಒಬ್ಬ ಕಾಲು ತಪ್ಪಿದ ಹಾಗೆ.

ಮಕ್ಕಳ ಎಲ್ಲ ಗಡ್ಡೆಗೂ ಇದೇ ಕಾರಣವಲ್ಲ. ಆದರೆ ಕಿರಿಮೆದುಳಿನಲ್ಲಿ ಬರುವ ಮೆಡುಲ್ಲೊಬ್ಲಾಸ್ಟೋಮ ಎಂಬ ಗಡ್ಡೆಯ ಒಂದು ಬಗೆಯಲ್ಲಿ ಪಿ-53 ಕೆಟ್ಟಿದ್ದರೆ ಗುಣವಾಗುವುದು ಬಹಳ ಕಷ್ಟ. ಕೆಲವೇ ಮನೆತನಗಳಲ್ಲಿ ಈ ದೋಷ ತಂದೆಯಿಂದಲೋ ತಾಯಿಯಿಂದಲೋ ಬರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಹಾಗಲ್ಲ. ಗ್ರಹಣದಲ್ಲಿ ಹೊರಗೆ ಬಂದಳು, ಅದು ತಿಂದಳು ಇದು ತಿಂದಳು ಎಂದು ಹೆತ್ತವಳನ್ನು ದೂರುವುದು ಶುದ್ಧ ಅನ್ಯಾಯ. ಇದು ಮುಟ್ಟಿದರೆ ಅಂಟುವ ರೋಗವೂ ಅಲ್ಲ. ಮಡಿಕೆ ಸರಿಪಡಿಸುವ ಮದ್ದಿಗಾಗಿ ಶೋಧನೆ ನಡೆದಿದೆಯಾದರೂ ಈ ಮಕ್ಕಳಿಗೆ ಕೊಡುವಂಥದು ಇನ್ನೂ ಬಂದಿಲ್ಲ.

ಹಾಗೆಂದು ಕೈ ಚೆಲ್ಲಬೇಕಾಗಿಲ್ಲ. ಶಸ್ತ್ರಚಿಕಿತ್ಸೆ, ಸುಮಾರು ಆರು ವಾರಗಳ ವಿಕಿರಣ, ಔಷಧಿ ಇವೆಲ್ಲ ವೇಳೆಗೆ ದೊರೆಯುವ ದೇಶಗಳಲ್ಲಿ ಈ ಗಡ್ಡೆಯಾದ ಹತ್ತು ಮಕ್ಕಳಲ್ಲಿ ಸುಮಾರು ಏಳು ಮಂದಿ ಐದು ವರ್ಷ ದಾಟುತ್ತಾರೆ. ನಮಗೆ ನಿಮ್ಹಾನ್ಸ್ ಇದೆ, ಕಿದ್ವಾಯಿ ಇದೆ. ಎರಡೂ ಇಲ್ಲಿಂದ ಸುಮಾರು ಐನೂರು ಕಿಲೋಮೀಟರ್. ಕಿದ್ವಾಯಿಯ ಶಾಖೆ ಕಲಬುರಗಿಯಲ್ಲಿದೆ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಕಾರ್ಡು ಎಪಿಎಲ್ ಆಗಿರುವ ಸಣ್ಣ ಅಂಗಡಿಕಾರನಿಗೆ ನೂರಕ್ಕೆ 30 ಮಾತ್ರ, ಉಳಿದ 70 ಅವನ ತಲೆಯ ಮೇಲೆ. ಅಲ್ಲದೆ ಆರು ವಾರ ಕೂಲಿ ಬಿಟ್ಟು ಬೆಂಗಳೂರಿನಲ್ಲಿ ಕುಳಿತ ಹಮಾಲನಿಗೆ ಕೋಣೆ ಬಾಡಿಗೆ ಯಾರು ಕೊಡಬೇಕು? ಊರಲ್ಲಿ ಉಳಿದ ಮಕ್ಕಳ ಒಲೆ ಹೇಗೆ ಉರಿಯಬೇಕು? ಅರ್ಧ ಚಿಕಿತ್ಸೆಗೆ ಮಗುವನ್ನು ಮರಳಿ ಕರೆತರುವುದು ಅಜ್ಞಾನದಿಂದ ಎಂದು ದೊಡ್ಡವರು ಅನ್ನುತ್ತಾರೆ. ಬಸ್ ಚಾರ್ಜಿನ ಲೆಕ್ಕ ಅವರಿಗೆ ಗೊತ್ತಿದ್ದಂತಿಲ್ಲ.

ಬೆಳಗಿನ ತಲೆನೋವು, ವಾಂತಿ ಎರಡು ವಾರ ಬಿಡದಿದ್ದರೆ, ಮಗು ತೂರಾಡಿದರೆ, ಕಣ್ಣು ಮಾಲಿದರೆ ಕಾಯಬೇಡಿ. ಜಿಲ್ಲಾ ದವಾಖಾನೆಗೆ ಹೋಗಿ ತಲೆಯ ಸ್ಕ್ಯಾನ್ ಆಗಬೇಕೇ ಎಂದು ಬಾಯಿಬಿಟ್ಟು ಕೇಳಿ. ಮಾಸ್ತರರೇ, ಮಕ್ಕಳ ಅಕ್ಷರ ನೋಡಿ.

ವಿಕಿರಣ ಪಡೆಯುವ ಮಗುವಿನ ಜೊತೆಗಿದ್ದವರಿಗೆ ವಸತಿ ಮತ್ತು ದಿನಗೂಲಿ ಬೇಕೆಂಬ ಮನವಿಯ ಹಾಳೆ ಬಾಗಿಲ ಬಳಿ ಇದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಶಹಾಪುರ, ಸುರಪುರದ ಹಾಳೆಗಳು ಬಂದ ಮೇಲೆ ಮೂರನ್ನೂ ಸೇರಿಸಿ ಜಿಲ್ಲಾಧಿಕಾರಿಗಳಿಗೆ ಕೊಡುತ್ತೇವೆ.