ಹಳೆಯ ಗಣಕಕ್ಕೆ ಮರುಜೀವ



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ಸೌಕರ್ಯವನ್ನೂ ಹೊಸ ಪ್ರೊಸೆಸರನ್ನೂ ಬೇಡುತ್ತದೆ. ಹೀಗಾಗಿ ಶಾಲೆಯಲ್ಲೋ ತೋಟದ ಮನೆಯಲ್ಲೋ ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವೂ ಗುಜರಿಯ ದಾರಿ ಹಿಡಿಯುತ್ತದೆ. ಹಲವು ಹಳೆಯ ಗಣಕಗಳ ಬೆಸುಗೆಯಲ್ಲಿ ಸೀಸವಿದೆ, ಹಳೆಯ ಎಲ್‌ಸಿಡಿ ಪರದೆಗಳ ದೀಪದಲ್ಲಿ ಪಾದರಸವಿದೆ. ಕೊಡಗಿನಂಥ ಇಳಿಜಾರಿನ ನಾಡಿನಲ್ಲಿ ತೋಡಿನ ಬದಿಗೆ ಎಸೆದದ್ದು ಅಲ್ಲಿಯೇ ಉಳಿಯದು. ಮುಂಗಾರು ಅದನ್ನು ಗದ್ದೆಗೂ ಹೊಳೆಗೂ ಒಯ್ಯುತ್ತದೆ.

ಇದಕ್ಕೆ ಪರಿಹಾರವುಂಟು. ಡೆಬಿಯನ್, ಲಿನಕ್ಸ್ ಮಿಂಟ್ ಮೊದಲಾದ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳು ಉಚಿತವಾಗಿ ದೊರೆಯುತ್ತವೆ. ಅವುಗಳಲ್ಲಿ ಕನ್ನಡವನ್ನು ಬರೆಯಲೂ ಓದಲೂ ಅನುಕೂಲವಿದೆ. ಇವು 'ಐಎಸ್‌ಒ' ಎಂಬ ಒಂದೇ ಕಡತವಾಗಿ ಬರುತ್ತವೆ. ಅದು ಇಡೀ ಡಿಸ್ಕಿನ ಯಥಾಪ್ರತಿ. ಆ ಕಡತವನ್ನು ಛಾಯಾಚಿತ್ರದಂತೆ ಪೆನ್‌ಡ್ರೈವಿಗೆ ನಕಲಿಸಿದ ಮಾತ್ರಕ್ಕೆ ಗಣಕವು ಅದರಿಂದ ಆರಂಭವಾಗದು. ಬಿತ್ತನೆ ಭತ್ತವನ್ನು ಚೀಲಸಮೇತ ಗದ್ದೆಯಲ್ಲಿಟ್ಟರೆ ಸಸಿ ಏಳುವುದೇ? ಯಥಾಪ್ರತಿಯ ಆರಂಭಿಕ ಭಾಗವು ಡ್ರೈವಿನ ತಕ್ಕ ಸ್ಥಳದಲ್ಲಿ ಕೂರುವಂತೆ ಅದನ್ನು ಬರೆಯಬೇಕು.

ಮೊದಲನೆಯದಾಗಿ, ಕಡತವನ್ನು ಆಯಾ ವ್ಯವಸ್ಥೆಯ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ಅಲ್ಲಿ ಪ್ರಕಟವಾದ 'ಎಸ್‌ಎಚ್‌ಎ-256' ಸಂಖ್ಯೆಯೊಡನೆ ಇಳಿಸಿದ ಕಡತದ ಸಂಖ್ಯೆಯನ್ನು ತಾಳೆ ನೋಡಬೇಕು. ಕರೆಂಟು ಹೋಗಿ ಅರ್ಧಕ್ಕೆ ನಿಂತ ಕಡತವು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಎರಡನೆಯದಾಗಿ, 8 ಜಿಬಿಯ ಪೆನ್‌ಡ್ರೈವನ್ನು ತೆಗೆದುಕೊಂಡು, ವಿಂಡೋಸಿನಲ್ಲಾದರೆ 'ರೂಫಸ್', ಲಿನಕ್ಸಿನಲ್ಲಾದರೆ 'ಡಿಡಿ' ಎಂಬ ಸಾಧನದಿಂದ ಬರೆಯಬೇಕು. ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. 'ಡಿಡಿ' ಬಳಸುವಾಗ ಡಿಸ್ಕಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಗಣಕದ ಸ್ವಂತ ಡಿಸ್ಕೇ ಬರಿದಾಗಬಹುದು. ಆದುದರಿಂದ ಗಾತ್ರವನ್ನು ನೋಡಿ ಡ್ರೈವನ್ನು ಗುರುತಿಸುವುದು ಲೇಸು. ಬರೆಯುವ ಕೆಲಸ ಪೂರ್ಣವಾಗುವ ಮುನ್ನ ಡ್ರೈವನ್ನು ಕೀಳಬಾರದು.

ಮೂರನೆಯದಾಗಿ, ಹಳೆಯ ಗಣಕಕ್ಕೆ ಡ್ರೈವನ್ನು ಚುಚ್ಚಿ, ಯಂತ್ರ ಆರಂಭವಾಗುತ್ತಲೇ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿಯನ್ನೊತ್ತಿ ಯುಎಸ್‌ಬಿಯನ್ನು ಆರಿಸಬೇಕು. ಈ ಕೀಲಿಯು ತಯಾರಕರಿಂದ ತಯಾರಕರಿಗೆ ಬೇರೆ. 'ಲೈವ್' ಪ್ರತಿಯಾದರೆ ಏನನ್ನೂ ಸ್ಥಾಪಿಸದೆ ಪರೀಕ್ಷಿಸಿ ನೋಡಬಹುದು. ವಿಂಡೋಸ್ ಕೆಟ್ಟು ನಿಂತ ಗಣಕದಿಂದ ತೋಟದ ಲೆಕ್ಕ, ಮಕ್ಕಳ ಚಿತ್ರಗಳನ್ನು ಹೊರತೆಗೆಯಲೂ ಇದೇ ಡ್ರೈವ್ ಅನೇಕ ವೇಳೆ ನೆರವಾಗುತ್ತದೆ. ಹಾಗೆ ತೆಗೆದು ಬೇರೆಡೆ ಉಳಿಸಿದ ಮೇಲೆಯೇ ಹೊಸ ವ್ಯವಸ್ಥೆಯನ್ನು ಸ್ಥಾಪಿಸುವುದು ವಿವೇಕ.

ಒಂದು ಮಿತಿಯುಂಟು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32-ಬಿಟ್ ಗಣಕಗಳಿಗೆ ಸ್ಥಾಪನಾ ಪ್ರತಿಯಿಲ್ಲ. ಯಂತ್ರ 64-ಬಿಟ್ಟಿನದೇ ಎಂದು ಮೊದಲೇ ತಿಳಿಯಬೇಕು.

ಹಳ್ಳಿಯಲ್ಲಿ ಒಬ್ಬರು ಇಳಿಸಿಕೊಂಡರೆ ಸಾಕು. ಈ ವ್ಯವಸ್ಥೆಗಳನ್ನು ನಕಲಿಸಿ ಹಂಚಲು ಪರವಾನಗಿಯೇ ಅನುಮತಿಸುತ್ತದೆ. ನೆರೆಯವರು ನಾಟಿಗೆ ಸಸಿ ಹಂಚಿಕೊಂಡಂತೆ ಪೆನ್‌ಡ್ರೈವ್ ಮನೆಯಿಂದ ಮನೆಗೆ ಸಾಗಲಿ. ನಿಜವಾಗಿಯೂ ಸತ್ತ ಯಂತ್ರವನ್ನು ಮಾತ್ರ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ಬದುಕಿರುವುದನ್ನು ಎಸೆಯುವ ಮುನ್ನ ಒಂದು ಸಂಜೆಯ ಶ್ರಮ ಹೆಚ್ಚಲ್ಲ.