ಡಿಕರ್ಸನ್, ಮಂಡೂರು ಮತ್ತು ಕಸದ ‘ಆಚೆ’

(ಗೈದರ್ಸ್‌ಬರ್ಗ್‌ನಲ್ಲಿ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಗೈದರ್ಸ್‌ಬರ್ಗ್ ಮತ್ತು ರಾಕ್‌ವಿಲ್ ನಡುವೆ, 355ನೆಯ ಹೆದ್ದಾರಿಯ ಬದಿಯಲ್ಲಿ ಶೇಡಿ ಗ್ರೋವ್ ಕಸ ವರ್ಗಾವಣೆ ಕೇಂದ್ರವಿದೆ. ಹಳೆಯ ಸೋಫಾ, ಕೆಟ್ಟ ಟಿ.ವಿ., ಉಳಿದ ಬಣ್ಣದ ಡಬ್ಬಿ ಹಾಕಿಬರಲು ಈ ಭಾಗದ ಕನ್ನಡಿಗರಲ್ಲಿ ಅನೇಕರು ಅಲ್ಲಿಗೆ ಹೋಗಿಬಂದಿರಬಹುದು. ವಾರಕ್ಕೊಮ್ಮೆ ಮನೆಮುಂದಿನ ಡಬ್ಬಿಯಿಂದ ಲಾರಿ ಎತ್ತಿಕೊಂಡು ಹೋಗುವ ಕಸವೂ ಸೇರುವುದು ಅಲ್ಲಿಗೇ. ಅಲ್ಲಿ ಅದನ್ನು ಒತ್ತಿ ಕಂಟೇನರುಗಳಿಗೆ ತುಂಬುತ್ತಾರೆ. ಆ ಕಂಟೇನರುಗಳನ್ನು ಹೊತ್ತ ರೈಲು ಸುಮಾರು 18 ಮೈಲಿ ಸಾಗಿ, ಶುಗರ್‌ಲೋಫ್ ಬೆಟ್ಟದ ಹತ್ತಿರ, ಪೊಟೊಮ್ಯಾಕ್ ನದಿಯ ದಂಡೆಯಲ್ಲಿರುವ ಡಿಕರ್ಸನ್ ಎಂಬ ಊರನ್ನು ತಲುಪುತ್ತದೆ. ದಿನಕ್ಕೆ 1,800 ಟನ್ ಕಸ ಸುಡಬಲ್ಲ ದಹನಘಟಕ ಅಲ್ಲಿ 1995ರಿಂದ ಉರಿಯುತ್ತಿದೆ.

ಕನ್ನಡದ ಮನೆಮಾತಿನಲ್ಲಿ, ಹಳೆ ಮೈಸೂರಿನ ಕಡೆಯಲ್ಲಂತೂ, ‘ಆಚೆ’ ಎಂಬ ಒಂದು ಪದವಿದೆ. ‘ಕಸ ಆಚೆ ಹಾಕು’ ಎನ್ನುತ್ತಾರೆ. ಹೊಸಿಲಿನಿಂದ ಆಚೆ ಎಂಬುದಷ್ಟೇ ಅದರ ಅರ್ಥ. ಆ ಆಚೆಯಲ್ಲಿ ಯಾರ ಮನೆಯಿದೆ ಎಂಬ ಪ್ರಶ್ನೆ ಆ ಮಾತಿನೊಳಗೆ ಇಲ್ಲ. ಜಗತ್ತಿನ ಬಹುತೇಕ ನಗರಗಳ ಕಸ ನಿರ್ವಹಣೆಯ ಚರಿತ್ರೆಯೆಂದರೆ ಈ ಆಚೆಯನ್ನು ಇನ್ನಷ್ಟು ದೂರಕ್ಕೆ ತಳ್ಳುತ್ತಾ ಹೋದ ಚರಿತ್ರೆ. ಮಾಂಟ್ಗೊಮರಿ ಕೌಂಟಿಯಲ್ಲೇ ಇದನ್ನು ಕಾಣಬಹುದು. 1964ರಿಂದ 1982ರವರೆಗೆ ಕಸ ರಾಕ್‌ವಿಲ್‌ನ ಗೂಡ್ ನೆಲಭರ್ತಿಗೆ ಹೋಯಿತು. ಆಮೇಲೆ 1997ರವರೆಗೆ ಲೇಟನ್ಸ್‌ವಿಲ್ ಬಳಿಯ ಓಕ್ಸ್ ನೆಲಭರ್ತಿಗೆ. ಅಷ್ಟರಲ್ಲಿ ಡಿಕರ್ಸನ್ನಿನ ಕುಲುಮೆ ಸಿದ್ಧವಾಗಿತ್ತು. ಮನೆಗಳು ಹೆಚ್ಚಿದ ಹಾಗೆ ಕಸ ವಾಯುವ್ಯಕ್ಕೆ, ಜನ ವಿರಳವಾದ ಕೃಷಿ ಮೀಸಲು ಪ್ರದೇಶಕ್ಕೆ ಸರಿಯಿತು. ಸುಟ್ಟ ಮೇಲೂ ಅದು ಮಾಯವಾಗುವುದಿಲ್ಲ. ತೂಕದಲ್ಲಿ ಸುಮಾರು ಕಾಲುಭಾಗ ಬೂದಿಯಾಗಿ ಉಳಿಯುತ್ತದೆ. ಆ ಬೂದಿ ಮತ್ತೆ ರೈಲೇರಿ ವರ್ಜೀನಿಯಾಕ್ಕೆ ಹೋಗುತ್ತದೆ. ಆಚೆಗೂ ಒಂದು ಆಚೆ.

ಮೇರಿಲ್ಯಾಂಡ್ ಸರ್ಕಾರ 2011ರಲ್ಲಿ ಕಸ ಸುಟ್ಟು ತೆಗೆದ ವಿದ್ಯುತ್ತನ್ನು ಸೂರ್ಯ ಮತ್ತು ಗಾಳಿಯ ವಿದ್ಯುತ್ತಿನ ಸಾಲಿನಲ್ಲೇ ಕೂರಿಸಿ ಪ್ರೋತ್ಸಾಹಧನಕ್ಕೆ ಅರ್ಹವಾಗಿಸಿತು. ಪ್ಲಾಸ್ಟಿಕ್ ಸುಡುವ ಬೆಂಕಿಗೆ ‘ನವೀಕರಿಸಬಹುದಾದ ಶಕ್ತಿ’ ಎಂಬ ಹೆಸರು! ಇದರ ವಿರುದ್ಧ ಪರಿಸರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದವು. 2018ರಲ್ಲಿ ಕೌಂಟಿಯ ಮುಖ್ಯಾಧಿಕಾರಿಯಾಗಿ ಚುನಾಯಿತರಾದ ಮಾರ್ಕ್ ಎಲ್ರಿಚ್ ಡಿಕರ್ಸನ್ ಘಟಕವನ್ನು ಮುಚ್ಚುವ ಭರವಸೆ ನೀಡಿದ್ದರು. ಆದರೆ 2021ರಲ್ಲಿ ನಿರ್ವಹಣಾ ಒಪ್ಪಂದ ಮತ್ತೆ ಐದು ವರ್ಷಕ್ಕೆ ವಿಸ್ತರಣೆಯಾಯಿತು. ಇದನ್ನು ರಾಜಕಾರಣಿಯ ವಚನಭಂಗ ಎಂದು ತಳ್ಳಿಹಾಕುವುದು ಸುಲಭ. ಮುಚ್ಚಿದ ಮರುದಿನ ಕಸ ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಕೈಗೆ ಸಿಗುವ ಉತ್ತರವೆಂದರೆ ಹೊರರಾಜ್ಯದ ಯಾವುದೋ ನೆಲಭರ್ತಿ. ವರ್ಜೀನಿಯಾದ ಚಾರ್ಲ್ಸ್ ಸಿಟಿ ಕೌಂಟಿಯಂಥ ಕಡೆ, ಕಪ್ಪುಜನರೂ ಮೂಲನಿವಾಸಿಗಳೂ ದೊಡ್ಡ ಸಂಖ್ಯೆಯಲ್ಲಿರುವ ಗ್ರಾಮೀಣ ಸೀಮೆಯಲ್ಲಿ, 1990ರ ದಶಕದಿಂದಲೂ ಹೊರಗಿನ ಕಸ ಬಂದು ಬೀಳುತ್ತಿದೆ. ಡಿಕರ್ಸನ್ನಿನ ಗಾಳಿ ಶುದ್ಧವಾಗಬೇಕೆಂಬ ನ್ಯಾಯವಾದ ಬೇಡಿಕೆ, ಕಸದ ಪ್ರಮಾಣ ಇಳಿಯದಿದ್ದರೆ, ಇನ್ನೊಂದು ಊರಿನ ಮೇಲೆ ಹೊರಿಸಿದ ಹೊರೆಯಾಗುತ್ತದೆ. ಪ್ರಗತಿಪರರಿಗೆ ಕಿರಿಕಿರಿ ಉಂಟುಮಾಡುವ ಜಾಗ ಇದೇ.

ಬೆಂಗಳೂರು ಈ ಪಾಠವನ್ನು ಬಹಳ ಕಷ್ಟದಿಂದ ಕಲಿತಿದೆ, ಅಥವಾ ಕಲಿಯುತ್ತಿದೆ. ನಗರದ ಉತ್ತರಕ್ಕಿರುವ ಮಾವಳ್ಳಿಪುರದ ಜನ ವರ್ಷಗಳ ಕಾಲ ದುರ್ವಾಸನೆ, ನೊಣ, ಕೆಟ್ಟ ಕೊಳವೆಬಾವಿಗಳ ಬಗ್ಗೆ ದೂರು ಕೊಟ್ಟು, ಕೊನೆಗೆ ಲಾರಿಗಳನ್ನು ತಡೆದರು. 2012ರ ಜುಲೈನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಆ ನೆಲಭರ್ತಿಯನ್ನು ಮುಚ್ಚಿಸಿತು. ಹಳ್ಳಿಯವರ ಗೆಲುವು ಅದು, ಸಂದೇಹವಿಲ್ಲ. ಮಾಹಿತಿ ತಂತ್ರಜ್ಞಾನದ ರಾಜಧಾನಿಯ ಬೀದಿಬೀದಿಗಳಲ್ಲಿ ಕಸದ ಗುಡ್ಡೆಗಳೆದ್ದವು. ಲಾರಿಗಳು ಪೂರ್ವಕ್ಕೆ ತಿರುಗಿದವು. ಮಾವಳ್ಳಿಪುರಕ್ಕೆ ಹೋಗುತ್ತಿದ್ದ ಭಾರವೂ ಮಂಡೂರಿನ ಮೇಲೆ ಬಿತ್ತು. ಆಗ ಮಂಡೂರಿನವರು ರಸ್ತೆಗಿಳಿದರು. 2014ರಲ್ಲಿ ಊರಿನಲ್ಲಿ ಪೊಲೀಸರು, ನಿಷೇಧಾಜ್ಞೆ, ಪೊಲೀಸ್ ಕಾವಲಿನಲ್ಲಿ ಕಸದ ಲಾರಿಗಳು. ಅದೇ ವರ್ಷದ ಡಿಸೆಂಬರ್ ವೇಳೆಗೆ ಅಲ್ಲಿ ಸುರಿಯುವುದನ್ನು ನಿಲ್ಲಿಸುವುದಾಗಿ ಸರ್ಕಾರ ಮಾತುಕೊಟ್ಟಿತು, ನಿಲ್ಲಿಸಿತು ಕೂಡ. ಮುಂದಿನ ಸರದಿ ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿಯದಾಯಿತು. ಅಲ್ಲಿಯೂ ಪ್ರತಿಭಟನೆ. ಅನಂತರ ನಗರದ ಅಂಚಿನ ಕಲ್ಲುಕ್ವಾರಿಗಳು ಒಂದೊಂದಾಗಿ ತುಂಬಿದವು.

ಇದಕ್ಕೆ ಅಡ್ಡವಾಗಿ ನಿಲ್ಲುವ ಇನ್ನೊಂದು ಕಥೆಯಿದೆ. ಕೂಡ್ಲು ಬಳಿ 1975ರಲ್ಲೇ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ ಘಟಕ, ನಗರದ ಹಸಿಕಸವನ್ನು ಗೊಬ್ಬರ ಮಾಡಿ ರೈತರಿಗೆ ಕೊಡುತ್ತಿತ್ತು. ಆಗ ಸುತ್ತ ಹೊಲಗಳಿದ್ದವು. ಅಪಾರ್ಟ್‌ಮೆಂಟುಗಳು ಬಂದದ್ದು ಆಮೇಲೆ. ಕೊಂಡವರಿಗೆ ವಾಸನೆ ಸಹಿಸಲಾಗಲಿಲ್ಲ; ಘಟಕ ಮುಚ್ಚಿ ಎಂದರು. ವಾಸನೆ ನಿಜವೇ, ಬೇರ್ಪಡಿಸದ ಕಸ ತಂದು ಸುರಿದರೆ ಯಾವ ಗೊಬ್ಬರದ ಘಟಕವೂ ನಾರುತ್ತದೆ. ಆದರೆ ಮಂಡೂರಿನ ರೈತನ ಪ್ರತಿಭಟನೆಯನ್ನೂ, ಅಪಾರ್ಟ್‌ಮೆಂಟ್ ಮಾಲೀಕರ ಪ್ರತಿಭಟನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ಒಬ್ಬನು ಇನ್ನೊಬ್ಬರ ಕಸ ಬೇಡವೆನ್ನುತ್ತಾನೆ. ಇನ್ನೊಬ್ಬರು ತಮ್ಮದೇ ಕಸ ತಮಗೆ ಕಾಣಬಾರದೆನ್ನುತ್ತಾರೆ.

ಈ ಗೊಂದಲದ ನಡುವೆ, 2015ರ ಡಿಸೆಂಬರ್ 17ರಂದು ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಪ್ರತಿ ಮನೆಯೂ ಕಸವನ್ನು ಮೂರಾಗಿ ಬೇರ್ಪಡಿಸಿಯೇ ಕೊಡಬೇಕೆಂದು ಆದೇಶಿಸಿತು. ಹಸಿಕಸಕ್ಕೆ ಹಸಿರು ಡಬ್ಬಿ, ಸ್ಯಾನಿಟರಿ ಕಸಕ್ಕೆ ಕೆಂಪು ಡಬ್ಬಿ, ಒಣಕಸಕ್ಕೆ ಒಂದು ಚೀಲ. ‘ಎರಡು ಡಬ್ಬಿ, ಒಂದು ಚೀಲ’ ಎಂದು ಪ್ರಸಿದ್ಧವಾದ ಈ ನಿಯಮ ಕೇಳಲು ಚಿಕ್ಕದು. ಅದು ಪಾಲನೆಯಾದ ಕಡೆ ಆಗಿರುವುದು ಮಾತ್ರ ದೊಡ್ಡದು. ಅನ್ನ-ಸಾರು ಅಂಟದ ಪ್ಲಾಸ್ಟಿಕ್ಕಿಗೂ ಕಾಗದಕ್ಕೂ ಬೆಲೆ ಬರುತ್ತದೆ. ಚಿಂದಿ ಆಯುವವರು, ಬೀದಿಬದಿಯ ರಾಶಿಯಲ್ಲಿ ಕೈಯಾಡಿಸುವ ಬದಲು, ವಾರ್ಡಿನ ಒಣಕಸ ಸಂಗ್ರಹ ಕೇಂದ್ರಗಳನ್ನು ತಾವೇ ನಡೆಸುವಂತಾಗುತ್ತದೆ. ಹಸಿರು ದಳದಂಥ ಸಂಘಟನೆಗಳ ಒತ್ತಾಯದಿಂದ ಅವರಲ್ಲಿ ಸಾವಿರಾರು ಜನರಿಗೆ ಮಹಾನಗರ ಪಾಲಿಕೆಯ ಗುರುತಿನ ಚೀಟಿ ದೊರೆತದ್ದು 2011ರ ನಂತರ. ಅಲ್ಲಿಯವರೆಗೆ ಅದೇ ಜನ, ಮುಂಜಾನೆ ಚೀಲ ಹೊತ್ತು ಹೋಗುವಾಗ, ಪೊಲೀಸರ ಕಣ್ಣಿಗೆ ಕಳ್ಳರಂತೆ ಕಾಣುತ್ತಿದ್ದರು.

ನಿಯಮ ಪಾಲನೆಯಾಗದ ಮನೆಗಳೂ ಸಾಕಷ್ಟಿವೆ. ಓದಿದವರು, ಲೋಕ ಸುತ್ತಿದವರು ಇರುವ ಮನೆಗಳು. ಇದನ್ನು ಸೋಮಾರಿತನವೆನ್ನುವುದು ಅರ್ಧಸತ್ಯ. ಕಸ ಮುಟ್ಟಲು ಬೇರೆ ಯಾರೋ ಹುಟ್ಟಿದ್ದಾರೆ ಎಂಬ ನಂಬಿಕೆ ಆ ಸೋಮಾರಿತನಕ್ಕೆ ಬೆನ್ನೆಲುಬಾಗಿದೆ. ಕಸ ಮಾಡುವವರನ್ನು ಬಿಟ್ಟು, ಒಯ್ಯಲು ಬಂದವರನ್ನು ‘ಕಸದವರು’ ಎನ್ನುವ ಭಾಷೆ ಕನ್ನಡ. ‘ಜಾಡಮಾಲಿ’ ಎಂಬ ಹೆಸರು ಹೋಗಿ ‘ಪೌರಕಾರ್ಮಿಕ’ ಎಂಬ ಗೌರವದ ಹೆಸರು ಬಂದಿದ್ದರೂ ಕೆಲಸ ಮಾಡುವವರ ಜಾತಿ ಹೆಚ್ಚೇನೂ ಬದಲಾಗಿಲ್ಲ. ಇಂದಿಗೂ ಬಹುಪಾಲು ದಲಿತರು, ಅವರಲ್ಲೂ ಹೆಚ್ಚಿನವರು ಹೆಂಗಸರು. ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿ ಐನೂರು ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರಿರಬೇಕೆಂದಿತು. ಆಮೇಲೆ ಬಂದದ್ದು ಗುತ್ತಿಗೆ ಪದ್ಧತಿ. ದಶಕಗಳ ಕಾಲ ನಗರ ಬೆಳೆಯುತ್ತಾ ಹೋಯಿತು, ಕೂಲಿ ಗುತ್ತಿಗೆದಾರನ ಕೈಯಲ್ಲಿ ಸಿಕ್ಕಿಕೊಂಡಿತು. ಪೌರಕಾರ್ಮಿಕರು ಹೋರಾಡಿ 2017ರಲ್ಲಿ ನೇರ ವೇತನ ಪಡೆದರು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಖಾಯಮಾತಿ ಕೇಳಿದರು. 2025ರ ಮೇ 1ರಂದು ಬೆಂಗಳೂರಿನ 12,692 ಜನರಿಗೆ ಖಾಯಂ ನೇಮಕಾತಿಯ ಪತ್ರ ಸಿಕ್ಕಿತು. ಆಟೋ ಟಿಪ್ಪರಿನ ಚಾಲಕ, ಅದರ ಹಿಂದೆ ನಿಂತು ಡಬ್ಬಿ ಸುರಿದುಕೊಳ್ಳುವ ಸಹಾಯಕ, ಲೋಡರ್ ಇವರು ಆ ಪಟ್ಟಿಯಲ್ಲಿರಲಿಲ್ಲ.

ಅಮೆರಿಕದಲ್ಲಿ ಇದು ಯಂತ್ರಗಳ ಕೆಲಸ, ಜಾತಿಯ ಸೋಂಕಿಲ್ಲ ಎಂದು ನಂಬುವವರು ಮೆಂಫಿಸ್ ನಗರವನ್ನು ನೆನೆಯಬೇಕು. 1968ರ ಫೆಬ್ರುವರಿ 1ರಂದು, ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯೊಳಗೆ ನಿಂತಿದ್ದ ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕಪ್ಪು ಕಾರ್ಮಿಕರು ಅದೇ ಲಾರಿಯ ಒತ್ತುಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕಾರ್ಮಿಕರು ‘ನಾನೊಬ್ಬ ಮನುಷ್ಯ’ ಎಂಬ ಫಲಕ ಹಿಡಿದು ಮುಷ್ಕರ ಹೂಡಿದರು. ಆ ಮುಷ್ಕರಕ್ಕೆ ಬೆಂಬಲವಾಗಿ ಬಂದಿದ್ದಾಗಲೇ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. 1977ರಲ್ಲಿ ಅಟ್ಲಾಂಟಾದ ಕಸ ಕಾರ್ಮಿಕರು ಮುಷ್ಕರ ಹೂಡಿದಾಗ ಒಂಬೈನೂರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದವರು ಆ ನಗರದ ಮೊದಲ ಕಪ್ಪು ಮೇಯರ್ ಮೇನಾರ್ಡ್ ಜಾಕ್ಸನ್ ಎಂಬುದೂ ನೆನಪಿನಲ್ಲಿರಲಿ. 1982ರಲ್ಲಿ ಉತ್ತರ ಕ್ಯಾರೊಲೈನಾದ ವಾರೆನ್ ಕೌಂಟಿಯ ಕಪ್ಪುಜನ, ವಿಷಮಣ್ಣು ಹೊತ್ತ ಲಾರಿಗಳಿಗೆ ಅಡ್ಡ ಮಲಗಿ, ಐನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಬಂಧನಕ್ಕೊಳಗಾದರು. ಪರಿಸರ ನ್ಯಾಯ ಎಂಬ ಚಳವಳಿಗೆ ಅಲ್ಲಿಂದಲೇ ರೂಪ ಬಂತು. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2013ರ ಅಕ್ಟೋಬರ್‌ನಲ್ಲಿ ಇದೇ ಮಾಂಟ್ಗೊಮರಿ ಕೌಂಟಿಯ ಮನೆಗಳ ಕಸ ಎತ್ತುತ್ತಿದ್ದ ಗುತ್ತಿಗೆ ಕಾರ್ಮಿಕರು, ಬಹುಪಾಲು ಲ್ಯಾಟಿನ್ ಅಮೆರಿಕದಿಂದ ಬಂದ ವಲಸಿಗರು, ಕೂಲಿಗಾಗಿ ಕೆಲಸ ನಿಲ್ಲಿಸಿದ್ದರು. ಆ ವಾರ ಕಸ ಎತ್ತಲಿಲ್ಲವೆಂದು ಗೊಣಗಿದ ಮನೆಗಳಲ್ಲಿ ಕನ್ನಡ ಮನೆಗಳೂ ಇದ್ದಿರಬಹುದು.

ತಂತ್ರಜ್ಞಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡೆನ್ಮಾರ್ಕಿನ ತಂತ್ರಜ್ಞಾನ ತಂದು 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಕಟ್ಟಿದ ದಹನಘಟಕ ಕೆಲವೇ ವಾರಗಳಲ್ಲಿ ನಿಂತಿತು. ಭಾರತದ ಕಸದಲ್ಲಿ ಅರ್ಧಕ್ಕೂ ಹೆಚ್ಚು ಹಸಿಯಾದ್ದರಿಂದ ಅದು ಉರಿಯಲೊಲ್ಲದು. ಹಾಗಿದ್ದೂ ಬಿಡದಿಯಲ್ಲಿ 11.5 ಮೆಗಾವ್ಯಾಟಿನ ಇನ್ನೊಂದು ಘಟಕ ಬಂದಿದೆ. ದಕ್ಷಿಣ ಕೊರಿಯಾ ಹಿಡಿದ ದಾರಿ ಬೇರೆ. 1995ರಲ್ಲಿ ಅಲ್ಲಿ ಕಸದ ಗಾತ್ರಕ್ಕೆ ತಕ್ಕಂತೆ ಹಣ ಕೊಡುವ ಪದ್ಧತಿ ಬಂತು. 2005ರಲ್ಲಿ ಆಹಾರದ ಕಸ ನೆಲಭರ್ತಿಗೆ ಹೋಗುವುದು ನಿಷೇಧವಾಯಿತು. ಸೋಲ್ ನಗರದ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಊಟದ ಕಸವನ್ನು ತೂಗಿ, ತೂಕಕ್ಕೆ ತಕ್ಕ ಹಣ ಪಡೆಯುವ ಡಬ್ಬಿಗಳಿವೆ. ಅಲ್ಲಿ ಕಸ ಆಚೆ ಹೋಗುವ ಮೊದಲು ಅದರ ಭಾರ ಮನೆಯವರಿಗೆ ತಿಳಿಯುತ್ತದೆ.

ಮಾಂಟ್ಗೊಮರಿ ಕೌಂಟಿಯಲ್ಲಿ ಎಲೆ ಮತ್ತು ಹುಲ್ಲಿಗೆ ಈ ಬುದ್ಧಿ ಆಗಲೇ ಬಂದಿದೆ. ಕಾಗದದ ಚೀಲದಲ್ಲಿ ಹೊರಗಿಟ್ಟ ಶರತ್ಕಾಲದ ಎಲೆ ಡಿಕರ್ಸನ್ನಿನ ಗೊಬ್ಬರ ಘಟಕಕ್ಕೆ ಹೋಗಿ, ‘ಲೀಫ್‌ಗ್ರೋ’ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತದೆ. ಹಿತ್ತಲಲ್ಲಿ ಮೆಂತ್ಯ, ಬದನೆ ಬೆಳೆಯುವ ಕನ್ನಡಿಗರು ಅದನ್ನೇ ಕೊಂಡು ತರುತ್ತಾರೆ. ಕುಲುಮೆಗೂ ಗೊಬ್ಬರಕ್ಕೂ ಊರು ಒಂದೇ, ದಾರಿ ಬೇರೆ. ಆದರೆ ಯುಗಾದಿ, ರಾಜ್ಯೋತ್ಸವದ ಊಟವಾದ ಮೇಲೆ ಬಿಸಿಬೇಳೆ ಭಾತು, ಬಳಸಿ ಎಸೆಯುವ ತಟ್ಟೆ, ನೀರಿನ ಬಾಟಲಿ, ಎಲ್ಲವೂ ಒಂದೇ ಕಪ್ಪು ಚೀಲ ಸೇರುತ್ತವೆ. ಮುಂದಿನ ಹಬ್ಬದ ಅಡುಗೆಗೆ ಲೆಕ್ಕ ಹಾಕುವ ಸಮಿತಿ, ಎಂಜಲನ್ನು ಬೇರೆ ಡಬ್ಬಿಗೆ ಹಾಕಿಸಿ ಗೊಬ್ಬರ ಮಾಡುವವರಿಗೆ ತಲುಪಿಸುವ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಬಹುದು. ಡಿಕರ್ಸನ್ನಿನ ಭವಿಷ್ಯದ ಬಗ್ಗೆ ಕೌಂಟಿ ಸಭೆ ಕರೆದಾಗ ಇಲ್ಲಿನ ಕನ್ನಡಿಗರು ಹೋಗಿ, ಮುಚ್ಚುವುದರ ಜೊತೆಗೆ ಅಡುಗೆಮನೆಯ ಕಸದ ಪ್ರತ್ಯೇಕ ಸಂಗ್ರಹವನ್ನೂ ಕೇಳಬಹುದು.

ಇನ್ನೊಂದು ಕೆಲಸ ಫೋನಿನಲ್ಲೇ ಆಗುವಂಥದ್ದು. ಇಲ್ಲಿರುವ ಹಲವರಿಗೆ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಫ್ಲ್ಯಾಟುಗಳಿವೆ. ತಿಂಗಳಿಗಿಷ್ಟು ನಿರ್ವಹಣಾ ಶುಲ್ಕ ಇಲ್ಲಿಂದಲೇ ಹೋಗುತ್ತದೆ. 2016ರ ಘನತ್ಯಾಜ್ಯ ನಿಯಮಗಳು ದೊಡ್ಡ ವಸತಿ ಸಮುಚ್ಚಯಗಳು ತಮ್ಮ ಹಸಿಕಸವನ್ನು ಆದಷ್ಟು ಮಟ್ಟಿಗೆ ತಮ್ಮ ಆವರಣದಲ್ಲೇ ಗೊಬ್ಬರ ಮಾಡಬೇಕೆಂದವು. ಆ ಶುಲ್ಕ ಕಟ್ಟುವವರು ಮಾಲೀಕರ ಸಂಘದ ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಲಿ: ನೆಲಮಹಡಿಯ ಆ ಗೊಬ್ಬರದ ಗುಂಡಿ ನಿಜವಾಗಿ ಇದೆಯೇ? ಇದ್ದರೆ, ಅದನ್ನು ಕೈಯಿಂದ ತಿರುವಿಹಾಕುವ ಹೆಂಗಸಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದಾರೆ, ಕೈಗವಸು ಕೊಟ್ಟಿದ್ದಾರೆಯೇ?