ಗಾಲ್ವೆಸ್ಟನ್ ದ್ವೀಪದ ಕಡಲು
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ "ಅಮೆರಿಕದಲ್ಲಿ ಸೆಕೆ ಉಂಟಾ?" ಎಂದು ಕೇಳುತ್ತೀರಿ. ಉಂಟು. ನಾನಿರುವುದು ಟೆಕ್ಸಾಸ್ ರಾಜ್ಯದ ಗಾಲ್ವೆಸ್ಟನ್ ಎಂಬ ದ್ವೀಪದಲ್ಲಿ. ಹಿಮ ಬೀಳುವುದು ಅಪರೂಪ. ಬೇಸಿಗೆಯಲ್ಲಿ ನಮ್ಮ ಮೇ ತಿಂಗಳಿನದ್ದೇ ಬೆವರು. ಜೂನ್ ಬಂತೆಂದರೆ ನಮಗೆ ಮಳೆ, ಅಲ್ಲಿಯವರಿಗೆ ಹರಿಕೇನ್, ಅಂದರೆ ಚಂಡಮಾರುತದ ಕಾಲ. ಜೂನ್ 1ರಿಂದ ನವೆಂಬರ್ 30ರವರೆಗೆ ಎಂದು ಲೆಕ್ಕ. ಮೆಕ್ಸಿಕೊ ಕೊಲ್ಲಿಯ ನೀರು ಕಾದಷ್ಟೂ ಬಿರುಗಾಳಿಗೆ ಬಲ ಹೆಚ್ಚು.

ಅಂಥ ಊರಿನಲ್ಲಿ 1891ರಲ್ಲಿ, ಹವಾಮಾನ ಕಚೇರಿಯ ಐಸಾಕ್ ಕ್ಲೈನ್ ಎಂಬವರು ಗಾಲ್ವೆಸ್ಟನ್ನಿಗೆ ದೊಡ್ಡ ಚಂಡಮಾರುತದ ಭಯ ಬೇಡವೆಂದು ಪತ್ರಿಕೆಯಲ್ಲಿ ಬರೆದರು. ತಿಳಿದವರ ಮಾತಲ್ಲವೇ! 1900ರ ಸೆಪ್ಟೆಂಬರ್ 8ರಂದು ಕಡಲು 15 ಅಡಿ ಏರಿತು. ದ್ವೀಪದ ಅತಿ ಎತ್ತರದ ಜಾಗವೂ ಆಗ 9 ಅಡಿ ಇರಲಿಲ್ಲ. ಕಡಿಮೆಯೆಂದರೂ 6,000 ಜನ ಸತ್ತರು. ಕ್ಲೈನ್ ಅವರ ಹೆಂಡತಿಯೂ ಸತ್ತವರಲ್ಲಿ ಒಬ್ಬರು.

ಆಮೇಲೆ 17 ಅಡಿಯ ಕಡಲಗೋಡೆ ಕಟ್ಟಿದರು. ನನಗೆ ಅದಕ್ಕಿಂತ ಸೋಜಿಗವೆನಿಸಿದ್ದು ಇನ್ನೊಂದು ಕೆಲಸ. 2,000ಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕ್ ಕೊಟ್ಟು ಎತ್ತಿ, ಅಡಿಗೆ ಮರಳು ತುಂಬಿ, ಊರನ್ನೇ ಎತ್ತರಿಸಿದರು. 3,000 ಟನ್ ತೂಕದ ಸೇಂಟ್ ಪ್ಯಾಟ್ರಿಕ್ ಚರ್ಚನ್ನೂ ಬಿಡಲಿಲ್ಲ. ಆ ವರ್ಷಗಳಲ್ಲಿ ಜನ ಹಲಗೆಗಳ ಮೇಲೆ ನಡೆದು ಮನೆ ಸೇರುತ್ತಿದ್ದರಂತೆ, ಮಳೆಗಾಲದಲ್ಲಿ ನಾವು ಸಂಕ ದಾಟಿ ಈ ಶಾಲೆಗೆ ಬರುತ್ತಿದ್ದ ಹಾಗೆ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. 2005ರಲ್ಲಿ ರೀಟಾ ಚಂಡಮಾರುತ ಬರುತ್ತದೆಂದು ಊರು ಬಿಟ್ಟೆವು. ಹೆದ್ದಾರಿಯಲ್ಲಿ ಒಂದು ಹಗಲು, ಒಂದು ರಾತ್ರಿ ಕಾರಿನಲ್ಲೇ ಕಳೆಯಿತು. ಅದು ಬೇರೆ ಕಡೆ ತಿರುಗಿತು. ಆ ಸಿಟ್ಟಿಗೆ 2008ರ ಸೆಪ್ಟೆಂಬರಿನಲ್ಲಿ ಐಕ್ ಬಂದಾಗ "ಈ ಸಲ ಹೊರಡುವುದಿಲ್ಲ" ಎಂದು ಕೂತೆ. ಐದು ದರ್ಜೆಗಳಲ್ಲಿ ಅದು ಎರಡನೆಯದು ಮಾತ್ರ. ಮೇಲೆ ಕಡಲಗೋಡೆ ಬೇರೆ ಇತ್ತಲ್ಲ. ಹೆಂಡತಿ ನನ್ನೊಡನೆ ವಾದ ಮಾಡಲಿಲ್ಲ. ಮಗುವನ್ನೆತ್ತಿಕೊಂಡು ಹೋಗಿ ಕಾರಿನಲ್ಲಿ ಕೂತಳು. ನಾನೂ ಹತ್ತಿದೆ.

ಆ ದರ್ಜೆ ಅಳೆಯುವುದು ಗಾಳಿಯ ವೇಗವನ್ನು, ನೀರನ್ನಲ್ಲ. ಐಕ್ ಬಹಳ ಅಗಲವಾದ ಚಂಡಮಾರುತ. ಅದು ನೂಕಿದ ನೀರು ಅಪಾರ. ಗೋಡೆ ಇದ್ದದ್ದು ಕಡಲಿನ ಕಡೆ. ನೀರು ನುಗ್ಗಿದ್ದು ಊರಿನ ಬೆನ್ನಿಗಿರುವ ಗಾಲ್ವೆಸ್ಟನ್ ಬೇ ಎಂಬ ಹಿನ್ನೀರಿನ ಕಡೆಯಿಂದ. ಎರಡು ವಾರ ಕಳೆದು ಮರಳಿದಾಗ ನಮ್ಮ ಮನೆಯ ಗೋಡೆಯ ಮೇಲೆ ಕೆಸರಿನ ಗೆರೆ ನನ್ನ ಎದೆಮಟ್ಟಕ್ಕಿತ್ತು. ಮಗುವಿನ ತೊಟ್ಟಿಲು ಅಡುಗೆಮನೆಯಲ್ಲಿ ಮಗುಚಿ ಬಿದ್ದಿತ್ತು.

ನಮ್ಮ ಈ ಊರಿಗೂ ಮುಂದೆ ಕಡಲು, ಹಿಂದೆ ಹೊಳೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದ ದಿನ ಅಲ್ಲಿಂದ ಅಮ್ಮನಿಗೆ ಫೋನ್ ಮಾಡಿದೆ. "ಕಡಲ್ಕೊರೆತಕ್ಕೆ ಕಲ್ಲು ಹಾಕಿದ್ದಾರಲ್ಲ ಮಗಾ, ನಮಗೇನು ಭಯ?" ಎಂದರು.

"ಅದಿರಲಿ ಅಮ್ಮಾ, ಹೊಳೆ ಕಡೆ ನೀರು ಎಲ್ಲಿಯವರೆಗೆ ಬಂದಿದೆ, ನೋಡಿ ಹೇಳು" ಎಂದೆ.